ಬಲೆಗೆ ಬರುವ ಸ್ಪಂಜು: ಕಸವೋ, ವಿಷವೋ, ಔಷಧವೋ?

ಪ್ರಶ್ನೆ: ನಾನು ಕಾರವಾರ ತಾಲೂಕಿನ ಕಡಲ ಬದಿಯ ಊರೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನನ್ನ ತಮ್ಮ ಸಣ್ಣ ದೋಣಿಯಲ್ಲಿ ಏಡಿ ಬಲೆ ಬಿಡುತ್ತಾನೆ. ಈ ವರ್ಷ ಮಳೆಗಾಲ ಮುಗಿದ ಮೇಲೆ ಕೂರ್ಮಗಡ ದ್ವೀಪದ ಆಚೆ ಬಲೆ ಬಿಟ್ಟಾಗೆಲ್ಲ ಕಿತ್ತಳೆ, ಕಪ್ಪು ಬಣ್ಣದ ಮೆತ್ತನೆ ಮುದ್ದೆಗಳು ಸಿಕ್ಕಿಕೊಂಡು ಬರುತ್ತಿವೆ. ನಮ್ಮಲ್ಲಿ ಅದನ್ನು ಕಸ ಎಂದೇ ಬಿಸಾಡುತ್ತಾರೆ. ಮೊನ್ನೆ ಅದನ್ನು ಬಿಡಿಸಿದ ಮೇಲೆ ತಮ್ಮನ ಕೈ ಕೆಂಪಾಗಿ ಮೂರು ದಿನ ತುರಿಸಿತು. ಈಗ ಹೊರಗಿನವರೊಬ್ಬರು ಬಂದು, "ಇದು ಸ್ಪಂಜು, ಕ್ಯಾನ್ಸರ್ ಔಷಧಿಗೆ ಬೇಕು. ಒಣಗಿಸಿ ಚೀಲ ತುಂಬಿಡಿ, ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ" ಎಂದು ಹೇಳಿ ಹೋಗಿದ್ದಾರೆ. ನಮ್ಮ ಭಾವ ಹೇಳುವುದೇ ಬೇರೆ. ಸ್ಪಂಜು ಕಡಲಿನ ಕೊಳೆ, ರೋಗಾಣು ಎಲ್ಲ ಹೀರಿಕೊಂಡಿರುತ್ತದೆ, ಅದಿರುವ ಬಂಡೆಯ ನೀಲಿಕಲ್ಲು (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ತಿಂದರೆ ಕಾಯಿಲೆ, ಮೊದಲು ಅದನ್ನು ಕೆರೆದು ತೆಗೆಯಬೇಕು ಎನ್ನುತ್ತಾರೆ. ಒಣಗಿದ ಒಂದು ತುಂಡನ್ನು ಮಕ್ಕಳಿಗೆ ತೋರಿಸಲೆಂದು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ನಾಲ್ಕನೇ ತರಗತಿಯ ಹುಡುಗನೊಬ್ಬ "ಇದು ಗಿಡವಾ, ಪ್ರಾಣಿಯಾ?" ಎಂದು ಕೇಳಿದ. ಗಿಡ ಎಂದುಬಿಟ್ಟೆ. ಸರಿಯೇ? ತಮ್ಮ ಇದನ್ನು ಮಾರಬಹುದೇ?

ಉತ್ತರ: ಅಕ್ಕೋರೇ, ಮೊದಲು ಕಪಾಟಿನ ಆ ತುಂಡನ್ನು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿಬಿಡಿ. ಉಳಿದದ್ದನ್ನು ಆಮೇಲೆ ಓದಬಹುದು. ಸ್ಪಂಜಿನ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುತ್ತವೆ. ಹೆಚ್ಚಿನ ಜಾತಿಗಳಲ್ಲಿ ಅವು ಸಿಲಿಕಾದವು, ಅಂದರೆ ಗಾಜು ಯಾವುದರಿಂದ ಆಗುತ್ತದೋ ಅದರವೇ. ಹಸಿಯಿದ್ದಾಗ ಮೈಯ ಮಾಂಸ ಅವನ್ನು ಹಿಡಿದಿಟ್ಟಿರುತ್ತದೆ. ಒಣಗಿದ ಮೇಲೆ ಮುಟ್ಟಿದರೂ ಸಾಕು, ಪುಡಿಯಾಗಿ ಉದುರುತ್ತದೆ. ಆ ಪುಡಿ ಮಕ್ಕಳ ಕಣ್ಣಿಗೆ, ಮೂಗಿಗೆ ಹೋಗಬಾರದು.

ತಮ್ಮನ ಕೈಗೆ ಆದದ್ದೂ ಬಹುಮಟ್ಟಿಗೆ ಇದೇ ಇರಬೇಕು. ಸೂಜಿಗಳು ಚರ್ಮಕ್ಕೆ ಚುಚ್ಚಿ ಅಲ್ಲೇ ಮುರಿಯುತ್ತವೆ. ಕೆಲವು ಸ್ಪಂಜುಗಳ ಮೈಯಲ್ಲಿರುವ ರಾಸಾಯನಿಕ ಆ ಸಣ್ಣ ಗಾಯಗಳೊಳಗೆ ಇಳಿದು ಉರಿ, ತುರಿಕೆ ತರುತ್ತದೆ. ಸ್ಪಂಜಿನ ಮೇಲೆ ಹಕ್ಕಿಯ ಪುಕ್ಕದಂತೆ ಬೆಳೆಯುವ ಹೈಡ್ರಾಯ್ಡ್ ಎಂಬ ಇನ್ನೊಂದು ಜೀವಿಯೂ ಕುಟುಕುತ್ತದೆ, ಎರಡರ ಗುರುತು ಒಮ್ಮೊಮ್ಮೆ ಒಂದೇ ಥರ ಕಾಣುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಮರಳು ಹಾಕಿಯೋ ಬಟ್ಟೆಯಿಂದಲೋ ಉಜ್ಜುವುದು. ಉಜ್ಜಿದಷ್ಟೂ ಸೂಜಿ ಒಳಗೆ ಹೋಗುತ್ತದೆ. ಕೈಯನ್ನು ಕಡಲ ನೀರಿನಲ್ಲಿ ತೊಳೆದು, ಒತ್ತದೆ ಒಣಗಿಸಿ, ಪಾರ್ಸೆಲ್‌ಗೆ ಅಂಟಿಸುವ ಟೇಪನ್ನು ಚರ್ಮದ ಮೇಲೆ ಹಚ್ಚಿ ಎಳೆಯಲಿ. ಎರಡು ಮೂರು ಸಲ ಹೀಗೆ ಮಾಡಿದರೆ ಸೂಜಿಗಳು ಸಾಕಷ್ಟು ಬರುತ್ತವೆ. ಆಮೇಲೆ ಅಡುಗೆಯ ವಿನೆಗರ್‌ನಲ್ಲಿ ಹತ್ತು ಹದಿನೈದು ನಿಮಿಷ ಕೈ ಅದ್ದಿಡಲಿ. ಬೊಕ್ಕೆ ಎದ್ದರೆ, ಊತ ಮೊಣಕೈ ಕಡೆ ಏರಿದರೆ, ಜ್ವರ ಬಂದರೆ ತಡ ಮಾಡದೆ ಡಾಕ್ಟರರ ಹತ್ತಿರ ಹೋಗಲಿ. ನಿಮ್ಮ ತಮ್ಮನಿಗೆ ಸಕ್ಕರೆ ಕಾಯಿಲೆಯೋ ಯಕೃತ್ತಿನ ತೊಂದರೆಯೋ ಇದ್ದರೆ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಬೆಚ್ಚಗಿನ ಅಳಿವೆ ನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುತ್ತವೆ. ಅಂಥವರಲ್ಲಿ ಸಣ್ಣ ಗಾಯದಿಂದಲೂ ಅವು ಜೀವಕ್ಕೆ ಸಂಚಕಾರ ತರಬಲ್ಲವು. ದಪ್ಪ ರಬ್ಬರ್ ಕೈಗವಸಿಗೆ ಹೆಚ್ಚು ಖರ್ಚಿಲ್ಲ, ನಾಳೆಯಿಂದಲೇ ಹಾಕಿಕೊಳ್ಳಲಿ.

ಇನ್ನು ನಿಮ್ಮ ಹುಡುಗನ ಪ್ರಶ್ನೆ. ಸ್ಪಂಜು ಪ್ರಾಣಿ. ಗಿಡ ಎಂದದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ, ಇನ್ನೂರು ವರ್ಷದ ಹಿಂದೆ ವಿದ್ವಾಂಸರಲ್ಲೇ ಇದರ ಬಗ್ಗೆ ಒಮ್ಮತ ಇರಲಿಲ್ಲ. 1820ರ ದಶಕದಲ್ಲಿ ಎಡಿನ್‌ಬರೋದ ರಾಬರ್ಟ್ ಗ್ರಾಂಟ್ ಎಂಬ ವೈದ್ಯರು ಜೀವಂತ ಸ್ಪಂಜಿನ ಚೂರೊಂದನ್ನು ಕಡಲ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡುತ್ತ ಕುಳಿತರು. ಅದರ ದೊಡ್ಡ ತೂತಿನಿಂದ ನೀರು ಬುಗ್ಗೆಯಂತೆ ಒಂದೇ ಸಮನೆ ಹೊರಬರುತ್ತಿತ್ತು. ನೀರನ್ನು ತಾನಾಗಿ ಎಳೆದು, ಸೋಸಿ, ಹೊರಹಾಕುವ ಜೀವಿ ಇದು ಎಂದು ಹಾಗೆ ಗೊತ್ತಾಯಿತು. ಬಾಯಿ, ಹೊಟ್ಟೆ, ಹೃದಯ, ನರ ಒಂದೂ ಇಲ್ಲ. ಮೈತುಂಬ ಸಣ್ಣ ತೂತು, ಒಳಗೆಲ್ಲ ಕಾಲುವೆ, ಕಾಲುವೆಯ ಗೋಡೆಗಳಲ್ಲಿ ಚಾವಟಿಯಂಥ ಬಾಲ ಬೀಸುತ್ತ ನೀರು ತಳ್ಳುವ ಜೀವಕೋಶಗಳು, ಇಷ್ಟೇ ಅದರ ಸಂಸಾರ. ಇಷ್ಟರಲ್ಲೇ ಐವತ್ತು ಕೋಟಿ ವರ್ಷಕ್ಕೂ ಮಿಕ್ಕಿ ಬಾಳಿಕೊಂಡು ಬಂದಿದೆ. ಹೆಸರಿಟ್ಟು ದಾಖಲಿಸಿದ ಜಾತಿಗಳೇ 9,000ಕ್ಕೂ ಹೆಚ್ಚು. ಸಿಹಿನೀರಿನಲ್ಲೂ ಕೆಲವು ಉಂಟು. ಶಿರಸಿ ಕಡೆಯ ನೆಂಟರ ಮನೆಗೆ ಹೋದಾಗ ಹೊಳೆಯ ಕಲ್ಲಿನ ಅಡಿ ಹಸಿರೋ ಕಂದೋ ಬಣ್ಣದ ಒರಟು ಪದರ ಕಂಡರೆ ಪಾಚಿ ಎಂದು ಬಿಟ್ಟುಬಿಡಬೇಡಿ, ಹತ್ತಿರದಿಂದ ನೋಡಿ.

ಈಗ ನಿಮ್ಮ ಭಾವನವರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ. ನಾನು ವರ್ಷಗಟ್ಟಲೆ ಓದಿದ್ದೂ ಆ ಅರ್ಧದ ಬಗ್ಗೆಯೇ.

ಸ್ಪಂಜು ಸೋಸುವುದು ಹೌದು. ಒಂದು ಕಿಲೋ ತೂಕದ ಸ್ಪಂಜು ದಿನಕ್ಕೆ 24,000 ಲೀಟರ್‌ವರೆಗೆ ನೀರು ಹಾಯಿಸಬಲ್ಲದು ಎಂಬ ಲೆಕ್ಕವಿದೆ. ಜಾತಿಯಿಂದ ಜಾತಿಗೆ ಇದು ಬಹಳ ವ್ಯತ್ಯಾಸವಾಗುತ್ತದೆ. ಆ ನೀರಿನ ಒಂದೊಂದು ಮಿಲಿಲೀಟರ್‌ನಲ್ಲೂ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಕೊಳಕು ನೀರಿನ ಮಾತಲ್ಲ ಇದು, ಸ್ವಚ್ಛ ಕಡಲಿನ ಲೆಕ್ಕವೇ. ಅವುಗಳಲ್ಲಿ ಬಹುಪಾಲನ್ನು ಸ್ಪಂಜು ಹಿಡಿದು ತಿನ್ನುತ್ತದೆ. ಹಾಗಾಗಿ ಅದನ್ನು ಬ್ಯಾಕ್ಟೀರಿಯಾ ತುಂಬಿಟ್ಟ ಚೀಲ ಎಂದುಕೊಳ್ಳುವುದಕ್ಕಿಂತ ಬ್ಯಾಕ್ಟೀರಿಯಾ ಉಂಡು ಬದುಕುವ ಪ್ರಾಣಿ ಎಂದುಕೊಳ್ಳುವುದು ಸರಿ.

ಆದರೂ ಅದರ ಮೈಯೊಳಗೆ ಸೂಕ್ಷ್ಮಜೀವಿಗಳು ಕಿಕ್ಕಿರಿದಿರುತ್ತವಲ್ಲ? ಇರುತ್ತವೆ. ಕೆಲವು ಜಾತಿಗಳಲ್ಲಿ ಒಂದು ಗ್ರಾಂ ಮೈಯಲ್ಲಿ ಹತ್ತು ಕೋಟಿಯಿಂದ ಸಾವಿರ ಕೋಟಿವರೆಗೆ. ಅಂಥ ಸ್ಪಂಜನ್ನು ತೂಕ ಮಾಡಿದರೆ ಮೂರನೇ ಒಂದು ಪಾಲಿಗೂ ಹೆಚ್ಚು ಸೂಕ್ಷ್ಮಜೀವಿಗಳ ತೂಕವೇ ಇರಬಹುದು. ಇನ್ನು ಕೆಲವು ಜಾತಿಗಳಲ್ಲಿ ಸುತ್ತಲ ನೀರಿನಲ್ಲಿ ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ. ನಾನು ಮೊದಲ ಸಲ ಸೂಕ್ಷ್ಮಜೀವಿ ತುಂಬಿದ ಜಾತಿಯೊಂದರ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ ಸ್ಪಂಜಿನ ಸ್ವಂತ ಜೀವಕೋಶ ಎಲ್ಲಿದೆ ಎಂದು ಹುಡುಕಬೇಕಾಯಿತು. ಪ್ರಾಣಿಯನ್ನು ನೋಡಲು ಹೋದವನಿಗೆ ಸಂತೆ ಕಂಡಿತು.

ಈ ಸಂತೆಯವರು ನೀರಿನಿಂದ ಬಂದು ಸಿಕ್ಕಿಬಿದ್ದವರಲ್ಲ. 1984ರಲ್ಲಿ ವಿಲ್ಕಿನ್ಸನ್ ಮತ್ತು ಸಂಗಡಿಗರು ಗುರುತು ಹಾಕಿದ ಬ್ಯಾಕ್ಟೀರಿಯಾಗಳನ್ನು ಸ್ಪಂಜಿಗೆ ಉಣಿಸಿ ನೋಡಿದರು. ಕಡಲ ನೀರಿನ ಬ್ಯಾಕ್ಟೀರಿಯಾವನ್ನು ಅದು ಅರಗಿಸಿಕೊಂಡಿತು. ಸ್ಪಂಜಿನ ಒಳಗೇ ಇರುವ ಜಾತಿಯ ಬ್ಯಾಕ್ಟೀರಿಯಾ ಕೊಟ್ಟರೆ ಏನೂ ಮಾಡದೆ ಹೊರಗೆ ಬಿಟ್ಟಿತು. ಕಣ್ಣಿಲ್ಲದ, ನರವಿಲ್ಲದ ಪ್ರಾಣಿ ಮನೆಯವರು ಯಾರು, ಊಟ ಯಾವುದು ಎಂದು ಬೇರೆ ಮಾಡುತ್ತದೆ. ಎಷ್ಟು ವರ್ಷವಾದರೂ ಇದನ್ನು ಹೇಳುವಾಗ ನನಗೆ ಮೈ ಜುಮ್ ಎನ್ನುತ್ತದೆ.

ಆ ಮನೆಯವರು ಎಲ್ಲಿಂದ ಬಂದರು? ಮದುವೆಯಾಗಿ ಹೋದ ಮಗಳು ತವರಿನ ಹೆಪ್ಪನ್ನೇ ಒಯ್ದು ಅಲ್ಲಿ ಮೊಸರು ಮಾಡುವುದನ್ನು ನೀವು ನೋಡಿರಬಹುದು. ಹಲವು ಸ್ಪಂಜುಗಳಲ್ಲಿ ಆಗುವುದೂ ಅದೇ. ತಾಯಿ ತನ್ನ ಮೊಟ್ಟೆಯಲ್ಲಿ, ಮರಿಯಲ್ಲಿ ಸೂಕ್ಷ್ಮಜೀವಿಗಳನ್ನು ಇಟ್ಟೇ ಕಳಿಸುತ್ತದೆ. ಮರಿ ಈಜುತ್ತ ಹೋಗಿ ಹೊಸ ಬಂಡೆಗೆ ಅಂಟಿದಾಗ ಹೆಪ್ಪು ಜೊತೆಗೇ ಇರುತ್ತದೆ. ಉಳಿದವು ನೀರಿನಿಂದ ಸೇರಿಕೊಳ್ಳುತ್ತವೆ. 2004ರಲ್ಲಿ ಪೋರಿಬ್ಯಾಕ್ಟೀರಿಯಾ ಎಂದು ಹೆಸರಿಟ್ಟ ಒಂದು ಇಡೀ ಗುಂಪು ಮುಖ್ಯವಾಗಿ ಸ್ಪಂಜುಗಳಲ್ಲೇ ಕಾಣಸಿಗುತ್ತದೆ. ಇವರೆಲ್ಲ ಬಿಟ್ಟಿ ಬಾಡಿಗೆಗೆ ಇರುವವರಲ್ಲ. ಸ್ಪಂಜು ಹೊರಹಾಕುವ ಅಮೋನಿಯಾವನ್ನು ಕೆಲವು ಬೇರೆ ರೂಪಕ್ಕೆ ತಿರುಗಿಸುತ್ತವೆ. ಬಿಸಿಲು ಬೀಳುವಲ್ಲಿ ಇರುವ ನೀಲಿಹಸಿರು ಸೂಕ್ಷ್ಮಜೀವಿಗಳು ಬೆಳಕಿನಿಂದ ಆಹಾರ ಮಾಡಿ ಪಾಲು ಕೊಡುತ್ತವೆ. ಕೆಲವು ಜೀವಸತ್ವ ಮಾಡುತ್ತವೆ. ಇನ್ನು ಕೆಲವು ವಿಷ ಮಾಡುತ್ತವೆ, ಕಚ್ಚಲು ಬಂದ ಮೀನನ್ನು ಓಡಿಸುವ ಮನೆಕಾವಲಿನ ವಿಷ. ನಿಮ್ಮ ಊರಿಗೆ ಬಂದವರ ಕ್ಯಾನ್ಸರ್ ಔಷಧಿಯ ಕತೆ ಹುಟ್ಟುವುದು ಇಲ್ಲಿಂದಲೇ, ಅದಕ್ಕೆ ಸ್ವಲ್ಪ ಮುಂದೆ ಬರುತ್ತೇನೆ.

ನೀಲಿಕಲ್ಲಿನ ಭಯಕ್ಕೆ ಉತ್ತರ ಈಗ ಸುಲಭ. ಸ್ಪಂಜಿನ ಒಳಗಿನ ಆ ನಿವಾಸಿಗಳಲ್ಲಿ ಬಹುಪಾಲು ಮನುಷ್ಯರಿಗೆ ಹೊಟ್ಟೆನೋವು ತರುವ ಕುಲದವಲ್ಲ. ಬಂಡೆಯ ನೀಲಿಕಲ್ಲು ಕೆಡುವುದು ಪಕ್ಕದಲ್ಲಿ ಸ್ಪಂಜು ಇದೆ ಎಂದಲ್ಲ. ನೀಲಿಕಲ್ಲು ತಾನೂ ನೀರು ಸೋಸುವ ಜೀವಿ. ಚರಂಡಿ ನೀರು ಎಲ್ಲಿ ಕಡಲಿಗೆ ಸೇರುತ್ತದೋ ಅಲ್ಲಿನ ರೋಗಾಣು ಅದರ ಮೈಯಲ್ಲೂ ಸೇರುತ್ತದೆ. ಕೆರೆದು ತೆಗೆಯಬೇಕಾದದ್ದು ಏನಾದರೂ ಇದ್ದರೆ ಅದು ಊರಿನ ಚರಂಡಿಯ ಬಾಯಲ್ಲಿದೆ. ಚರಂಡಿ ಸೇರುವ ಕಡೆ ನೀಲಿಕಲ್ಲನ್ನಾಗಲಿ ಬಳಚನ್ನಾಗಲಿ ಆರಿಸಬೇಡಿ, ಬೇರೆ ಕಡೆಯದ್ದನ್ನೂ ಚೆನ್ನಾಗಿ ಬೇಯಿಸಿ ತಿನ್ನಿ. ಕಡಲಿನ ನೀರು ಕೆಂಪಗೋ ದಟ್ಟ ಹಸಿರಿಗೋ ತಿರುಗಿದ ದಿನಗಳಲ್ಲಿ ಬೇಯಿಸಿಯೂ ತಿನ್ನಬೇಡಿ. ನೀರಿಗೆ ಆ ಬಣ್ಣ ತರುವ ಪಾಚಿಗಳಲ್ಲಿ ಕೆಲವು ಮಾಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಕೆರೆಯುವುದರಿಂದ ಇನ್ನೊಂದು ತೊಂದರೆ ಉಂಟು. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಜೀವಂತ ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಜೀವಕೋಶಗಳನ್ನು ಬಿಡಿಬಿಡಿ ಮಾಡಿದರು. ಅವು ತೆವಳಿ, ಒಂದಕ್ಕೊಂದು ಸೇರಿ, ಮತ್ತೆ ಸ್ಪಂಜಾದವು. ಬಂಡೆಯ ಮೇಲೆ ಕತ್ತಿ ಆಡಿಸಿದರೆ ಸ್ಪಂಜು ಚೂರಿನಿಂದ ಮತ್ತೆ ಚಿಗುರಬಹುದು, ಸುತ್ತ ಅಂಟಿದ್ದ ನೀಲಿಕಲ್ಲಿನ ಮರಿಗಳು ಮಾತ್ರ ಹೋಗುತ್ತವೆ. ಚಿಪ್ಪುಗಳಿಗೆ ನಿಜವಾಗಿ ತೊಂದರೆ ಕೊಡುವ ಒಂದು ಸ್ಪಂಜು ಇದೆ, ಕ್ಲಯೋನಾ. ಚಿಪ್ಪಿನ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳು, ಒಡೆದರೆ ಒಳಗೆ ಜೇನುಗೂಡಿನಂತೆ ಕೊರೆದಿರುವುದು ಅದರ ಗುರುತು. ಅದು ಸುಣ್ಣವನ್ನು ಕೊರೆದು ಮನೆ ಮಾಡುತ್ತದೆ, ಚಿಪ್ಪು ಬಲ ಕಳೆದುಕೊಳ್ಳುತ್ತದೆ. ಒಳಗಿನ ಮಾಂಸ ವಿಷವಾಗುವುದಿಲ್ಲ.

ಇಷ್ಟೊಂದು ಮುದ್ದೆ ಈ ಸಲವೇ ಯಾಕೆ ಬಂತು? ಬಲೆ ಬಿದ್ದ ಜಾಗ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಕಾರಣಗಳು ಹಲವು ಇರಬಹುದು. ಮಳೆಗಾಲದ ತೂಫಾನಿಗೆ ಬಂಡೆಯಿಂದ ಕಿತ್ತುಬಂದು ತಳದಲ್ಲಿ ಹೊರಳಾಡುವ ಸ್ಪಂಜುಗಳಿರುತ್ತವೆ. ಕಾಳಿ ನದಿ ತುಂಬಿ ಹರಿಯುವಾಗ ಅಳಿವೆಯ ಹತ್ತಿರ ಉಪ್ಪಿನಂಶ ಪೂರಾ ಇಳಿದು, ಕೆಸರು ಬಂದು ಕಾಲುವೆಗಳನ್ನು ಮುಚ್ಚುತ್ತದೆ, ಹಲವು ಸಾಯುತ್ತವೆ. ಅಥವಾ ತಮ್ಮ ಈ ಸಲ ಬಂಡೆಗೆ ತೀರಾ ಹತ್ತಿರ ಬಲೆ ಬಿಡುತ್ತಿರಬಹುದು. ಬಂದ ಮುದ್ದೆ ಬಣ್ಣ ಹಿಡಿದುಕೊಂಡು ಗಟ್ಟಿಯಾಗಿದ್ದರೆ ಅದು ಈಗಷ್ಟೇ ಕಿತ್ತ ಜೀವಂತ ಸ್ಪಂಜು, ಕಿತ್ತದ್ದು ಬಹುಶಃ ಬಲೆಯೇ. ಬಿಳಿ ಕಲೆ ಬಿದ್ದು, ಮಾಂಸ ಕರಗಿ, ನಾರು ಮಾತ್ರ ಉಳಿದು, ಹತ್ತಾರು ಕಡೆ ಒಟ್ಟಿಗೆ ಹಾಗೇ ಕಂಡರೆ ಅದು ರೋಗವೋ ನೀರು ಬಿಸಿಯಾದದ್ದೋ ಇರಬಹುದು, ಆಗ ನಮಗೆ ತಿಳಿಸಲೇಬೇಕು. ಬಹಾಮಾಸ್ ಕಡೆಯ ಕಡಲಿನಲ್ಲಿ 1938ರ ಹೊತ್ತಿಗೆ ಬಂದ ರೋಗ ಅಲ್ಲಿನ ಸ್ನಾನದ ಸ್ಪಂಜಿನ ವ್ಯಾಪಾರವನ್ನೇ ಮುರಿಯಿತು. 2022ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ತೀರದಲ್ಲಿ ಕಡಲು ಬಿಸಿಯೇರಿ ಅಪಾರ ಸಂಖ್ಯೆಯ ಸ್ಪಂಜುಗಳು ಬಿಳಿಚಿಕೊಂಡವು. ಒಳಗಿನ ಸಹವಾಸ ಕೆಟ್ಟರೆ ಸ್ಪಂಜು ಬೇಗ ಕುಸಿಯುತ್ತದೆ.

ಇನ್ನು ಮಾರುವ ವಿಷಯ. ಸ್ಪಂಜಿನಿಂದ ಕ್ಯಾನ್ಸರ್ ಔಷಧ ಬಂದಿದೆಯೇ? ಬಂದಿದೆ, ಅದು ಸುಳ್ಳಲ್ಲ. 1950ರ ಆಸುಪಾಸಿನಲ್ಲಿ ವೆರ್ನರ್ ಬರ್ಗ್‌ಮನ್ ಎಂಬ ರಸಾಯನ ವಿಜ್ಞಾನಿ ಕೆರಿಬಿಯನ್ ಕಡೆಯ ಸ್ಪಂಜೊಂದರಲ್ಲಿ ವಿಚಿತ್ರ ರಚನೆಯ ವಸ್ತುಗಳನ್ನು ಕಂಡರು. ಆ ಜಾಡು ಹಿಡಿದು ಮಾಡಿದ ಸೈಟರಬಿನ್‌ಗೆ 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಕೊಡುತ್ತಾರೆ. 1986ರಲ್ಲಿ ಜಪಾನಿನ ವಿಜ್ಞಾನಿಗಳು ಹಾಲಿಕೊಂಡ್ರಿಯಾ ಎಂಬ ಸ್ಪಂಜಿನಿಂದ ಬೇರ್ಪಡಿಸಿದ ವಸ್ತುವಿನ ಮಾದರಿಯಲ್ಲಿ ಎರಿಬುಲಿನ್ ಬಂತು, 2010ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆಯಾಯಿತು.

ಆದರೆ ಅದರ ಮುಂದಿನ ಭಾಗವನ್ನು ಬಂದವರು ನಿಮಗೆ ಹೇಳಿಲ್ಲ. ಅದೇ ವಸ್ತುವಿಗಾಗಿ ನ್ಯೂಜಿಲೆಂಡಿನಲ್ಲಿ ಒಂದು ಟನ್ ಸ್ಪಂಜು ಎತ್ತಿದಾಗ ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಹೆಚ್ಚಲ್ಲ. ಕಡಲನ್ನೆಲ್ಲ ಬಳಿದರೂ ರೋಗಿಗಳಿಗೆ ಸಾಲದು ಎಂದು ಅವತ್ತೇ ಗೊತ್ತಾಯಿತು. ಅದಕ್ಕಾಗಿಯೇ ಎರಿಬುಲಿನ್ ಅನ್ನು 60ಕ್ಕೂ ಹೆಚ್ಚು ಹಂತಗಳ ರಾಸಾಯನಿಕ ಕ್ರಿಯೆಯಿಂದ ಕಾರ್ಖಾನೆಯಲ್ಲೇ ಮಾಡುತ್ತಾರೆ. ಸೈಟರಬಿನ್ ಕೂಡ ಹಾಗೆಯೇ. ಇವೆರಡರಲ್ಲಿ ಯಾವುದನ್ನು ತಯಾರಿಸುವವರಿಗೂ ನಿಮ್ಮ ಒಣಗಿದ ಚೀಲ ಬೇಕಿಲ್ಲ.

ಸಂಶೋಧನೆಗೆ ಬೇಕು ಎನ್ನಬಹುದು. ಅದಕ್ಕೂ ಆಗುವುದಿಲ್ಲ. 2014ರಲ್ಲಿ ಯೋರ್ನ್ ಪೀಲ್ ಮತ್ತು ತಂಡದವರು ಥಿಯೋನೆಲ್ಲಾ ಎಂಬ ಸ್ಪಂಜಿನ ಔಷಧೀಯ ವಸ್ತುಗಳಲ್ಲಿ ಬಹುಪಾಲನ್ನು ಮಾಡುವುದು ಅದರೊಳಗಿನ ಎಂಟೋಥಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಬೆಲೆ ಇರುವುದು ಮುದ್ದೆಗಲ್ಲ, ಮುದ್ದೆಯೊಳಗಿನ ಜೀವಂತ ಒಡನಾಟಕ್ಕೆ. ನೀರಿನಿಂದ ಮೇಲೆ ಬಂದು ಬಿಸಿಲಿಗೆ ಬಿದ್ದರೆ ಆ ಒಡನಾಟ ಮುರಿಯಲು ಹೆಚ್ಚು ಹೊತ್ತು ಬೇಡ. ಒಳಗಿನ ನಿಧಾನದ ಜೀವಿಗಳು ಸಾಯುತ್ತವೆ, ಕೊಳೆಸುವವು ಹೆಚ್ಚುತ್ತವೆ. ನಾವು ಪ್ರಯೋಗಾಲಯದವರು ದೋಣಿಯ ಮೇಲೇ ಮಾದರಿಯನ್ನು ಆಲ್ಕೋಹಾಲಿಗೋ ಮಂಜುಗಡ್ಡೆಗೋ ಹಾಕುತ್ತೇವೆ. ಅಷ್ಟಾದರೂ ಆ ಸೂಕ್ಷ್ಮಜೀವಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಮ್ಮ ತಟ್ಟೆಗಳಲ್ಲಿ ಬೆಳೆಯುವುದೇ ಇಲ್ಲ, ಡಿಎನ್‌ಎ ಓದಿ ಪರಿಚಯ ಮಾಡಿಕೊಳ್ಳಬೇಕು. ಅಂಗಳದಲ್ಲಿ ಮೀನಿನ ಪಕ್ಕ ವಾರ ಒಣಗಿದ ಸ್ಪಂಜಿನಿಂದ ಈ ಕೆಲಸ ಸಾಗದು.

ಕಾನೂನಿನ ಮಾತೂ ಇದೆ. ಸುಣ್ಣದ ಸೂಜಿಯ ಸ್ಪಂಜುಗಳು, ಹವಳ, ಕಡಲ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಚೀಲದಲ್ಲಿ ಒಣಗಿ ಕೂತ ಮೇಲೆ ಯಾವುದು ಯಾವುದೆಂದು ನಿಮ್ಮ ತಮ್ಮ ಹೇಳಲಾರ, ಕೇಸು ಬಿದ್ದರೆ ಕೊಂಡವರು ಊರಿನಲ್ಲಿರುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ವಾಣಿಜ್ಯಕ್ಕಾಗಿ ಇಂಥದ್ದನ್ನು ಒಯ್ಯುವ ದೇಶದ ಕಂಪನಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು, ವಿದೇಶದವರಾದರೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಬಂದವರಲ್ಲಿ ಆ ಕಾಗದ ಕೇಳಿ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಮಾತು ಹಾಕಿ. ಕಾಗದ ಇಲ್ಲದವರಿಗೆ ಒಂದು ಕಿಲೋ ಕೂಡ ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ತಮ್ಮ ಏನು ಮಾಡಬೇಕು? ಕೈಗವಸು ಹಾಕಿ ಬಿಡಿಸಿ ಅಲ್ಲೇ ಕೂಡಲೇ ನೀರಿಗೆ ಬಿಡುವುದು ಎಲ್ಲಕ್ಕಿಂತ ಸುಲಭ. ಕಲ್ಲಿನ ಸಮೇತ ಬಂದದ್ದು ಬದುಕುವ ಸಾಧ್ಯತೆ ಹೆಚ್ಚು, ಬರೀ ತುಂಡು ಕೆಸರಿನ ತಳಕ್ಕೆ ಬಿದ್ದರೆ ಕಡಿಮೆ. ದಡಕ್ಕೆ ತಂದು ಬಿಸಾಡಿದರೆ ಒಂದೂ ಇಲ್ಲ. ಇದಕ್ಕಿಂತ ಒಳ್ಳೆಯದು, ಮುದ್ದೆ ಹೆಚ್ಚು ಬರುವ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಟ್ಟು ಬಲೆಯನ್ನು ಸ್ವಲ್ಪ ಸರಿಸಿ ಬಿಡುವುದು. ಒಂದಷ್ಟು ದಿನ ಏಡಿ ಕಡಿಮೆ ಬಂದೀತು, ಡೀಸೆಲ್ ಹೆಚ್ಚು ಹೋದೀತು, ಅದನ್ನು ಮುಚ್ಚಿಡುವುದಿಲ್ಲ. ಬಲೆ ಹರಿಯುವುದು, ಬಿಡಿಸುವ ಹೊತ್ತು ಉಳಿಯುತ್ತದೆ. ಕೆರಿಬಿಯನ್ ಹವಳದ ದಿಬ್ಬಗಳಲ್ಲಿ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ಕರಗಿ ಯಾರಿಗೂ ದಕ್ಕದ ಪೋಷಕಾಂಶವನ್ನು ಸ್ಪಂಜು ಹೀರಿ, ತನ್ನ ಹಳೆಯ ಜೀವಕೋಶಗಳನ್ನು ಉದುರಿಸುತ್ತದೆ, ಅದನ್ನು ತಳದ ಸಣ್ಣ ಜೀವಿಗಳು ತಿನ್ನುತ್ತವೆ ಎಂದು ಅದು ತೋರಿಸಿತು. ನಮ್ಮ ದ್ವೀಪಗಳ ಸುತ್ತ ಇದನ್ನು ಅಳೆಯುವ ಆಸೆ ನನಗಿದೆ. ಏಡಿ ಹಿಡಿಯುವವರಿಗೆ ಆ ಬಂಡೆಯ ಸ್ಪಂಜು ಶತ್ರುವಲ್ಲ ಎಂದು ಮಾತ್ರ ಈಗಲೇ ಹೇಳಬಲ್ಲೆ.

ಕುತೂಹಲ ಇದ್ದರೆ ಇನ್ನೊಂದು ದಾರಿಯಿದೆ. ಮುದ್ದೆ ಬಂದ ಕೂಡಲೇ, ಬಣ್ಣ ಮಾಸುವ ಮೊದಲು, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಲಿ. ತಾರೀಕು, ಜಾಗ, ಎಷ್ಟು ಮಾರು ಆಳ ಎಂದು ಬರೆದಿಡಲಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲೇ ಇದೆ. ಆ ಫೋಟೋಗಳನ್ನು ಮೊದಲು ಅಲ್ಲಿ ತೋರಿಸಿ. ಅವರು ಕೇಳಿದರೆ ಮಾತ್ರ ಹೆಬ್ಬೆರಳ ಉಗುರಿನಷ್ಟು ತುಂಡು ಸಾಕು. ಹಣ ಸಿಗುವುದಿಲ್ಲ. ಒಂದೇ ದೋಣಿಯಿಂದ ಮೂರು ನಾಲ್ಕು ವರ್ಷ ಹೀಗೆ ಬಂದ ದಾಖಲೆ ಮಾತ್ರ ನಮ್ಮಂಥವರಿಗೆ ದುಡ್ಡು ಕೊಟ್ಟರೂ ಸಿಗದ ವಸ್ತು.

ಕೊನೆಗೆ ಆ ಹುಡುಗನಿಗೆ. ಡಿಸೆಂಬರ್ ಬಂದು ನೀರು ತಿಳಿಯಾದ ಮೇಲೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹೊತ್ತಿಗೆ ಇಳಿತ ಜೋರಾಗಿದ್ದಾಗ, ಚಪ್ಪಲಿ ಹಾಕಿಸಿ, ದೊಡ್ಡವರ ಕಾವಲಿನಲ್ಲಿ ಮಕ್ಕಳನ್ನು ಬಂಡೆಯ ಗುಂಡಿಗಳ ಹತ್ತಿರ ಕರೆದೊಯ್ಯಿರಿ. ನೀರಿನೊಳಗಿರುವ ಸ್ಪಂಜೊಂದನ್ನು ಹುಡುಕಿ. ಕೀಳಬೇಡಿ, ಮುಟ್ಟಲೂ ಬೇಡ. ಔಷಧಿ ಹನಿಸುವ ಡ್ರಾಪರ್‌ನಲ್ಲಿ ತಿಂಡಿಗೆ ಹಾಕುವ ಬಣ್ಣದ ಎರಡು ಹನಿಯನ್ನು ಕಡಲ ನೀರಿಗೆ ಬೆರೆಸಿ, ಸ್ಪಂಜಿನ ಪಕ್ಕೆಯ ಬಳಿ ಮೆಲ್ಲನೆ ಬಿಡಿ. ಮೇಲಿನ ದೊಡ್ಡ ತೂತನ್ನೇ ನೋಡುತ್ತಿರಲು ಹುಡುಗನಿಗೆ ಹೇಳಿ. ಬಣ್ಣ ಅಲ್ಲಿಂದ ಹೊರಗೆ ಚಿಮ್ಮಿದಾಗ, ಗಿಡವೋ ಪ್ರಾಣಿಯೋ ಎಂದು ಅವನೇ ನಿಮಗೆ ಹೇಳಲಿ.